ಹಿತ್ತಾಳೆ ಟೋಕನ್ನು ಮತ್ತು ‘ಪ್ರಾಮಿಸ್’

ಮುಂಬಯಿಗೆ ಬಂದ ಹೊಸತರಲ್ಲಿ ಬ್ಯಾಂಕಿನ ಕೌಂಟರಿನಲ್ಲಿ ಚೆಕ್ ಕೊಟ್ಟರೆ ಕೈಗೊಂದು ಹಿತ್ತಾಳೆ ಟೋಕನ್ ಸಿಗುತ್ತಿತ್ತು. ಅದು ದುಡ್ಡಲ್ಲ, ದುಡ್ಡು ಕೊಡುತ್ತೇವೆ ಅನ್ನುವ ಮಾತು. ನಂಬರ್ ಕೂಗುವ ತನಕ ಬೆಂಚಿನಲ್ಲಿ ಕೂತು ಪೇಪರ್ ಓದಬಹುದಿತ್ತು. ನನ್ನ ಹೊಟ್ಟೆಪಾಡಿನ ಪ್ರೋಗ್ರಾಮಿಂಗಿನಲ್ಲಿ ‘ಪ್ರಾಮಿಸ್’ ಅಂದರೂ ಇದೇ. ನಿಧಾನದ ಕೆಲಸವಿರುವ ಫಂಕ್ಷನ್ನು ಕರೆದವನನ್ನು ಕಾಯಿಸದೆ ತಕ್ಷಣ ಟೋಕನ್ ಕೊಟ್ಟು ಕಳಿಸುತ್ತದೆ. ಉತ್ತರ ಆಮೇಲೆ ಬಂದು ಅದರೊಳಗೆ ಕೂರುತ್ತದೆ, ಒಂದೇ ಒಂದು ಸಲ.

ಇದು ಜಾವಾಸ್ಕ್ರಿಪ್ಟ್ ಹುಡುಗರ ಕಿತಾಪತಿ ಅಂತ ನಾನೂ ಅಂದುಕೊಂಡಿದ್ದೆ! ಆದರೆ ಹೆಸರು 1976ರದ್ದು, ಡೇನಿಯಲ್ ಫ್ರೀಡ್‌ಮನ್ ಮತ್ತು ಡೇವಿಡ್ ವೈಸ್ ಇಟ್ಟದ್ದು. ಮರುವರ್ಷವೇ ಹೆನ್ರಿ ಬೇಕರ್, ಕಾರ್ಲ್ ಹೆವಿಟ್ ಇಂಥದ್ದನ್ನೇ ‘ಫ್ಯೂಚರ್’ ಅಂದರು. 1985ರಲ್ಲಿ ರಾಬರ್ಟ್ ಹಾಲ್‌ಸ್ಟೆಡ್ ಅದನ್ನು ಮಲ್ಟಿಲಿಸ್ಪ್ ಭಾಷೆಗೆ ತಂದರು. ಆಗಿನ ಉದ್ದೇಶ ಬೇರೆ: ಒಂದು ಲೆಕ್ಕವನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚುವುದು.

ನನಗೆ ಹೆಚ್ಚು ಇಷ್ಟವಾದದ್ದು ಬಾರ್ಬರಾ ಲಿಸ್ಕೋವ್ ಮತ್ತು ಲ್ಯೂಬಾ ಶ್ರೀರಾ 1988ರಲ್ಲಿ ಬರೆದ ಪ್ರಬಂಧ. ಅವರ ಚಿಂತೆ ದೂರದ್ದು. ನೆಟ್‌ವರ್ಕಿನ ಆಚೆ ತುದಿಯ ಯಂತ್ರದಿಂದ ಉತ್ತರ ಬರುವ ತನಕ ಈಚೆಯವನು ಸುಮ್ಮನೆ ಯಾಕೆ ಕೂರಬೇಕು? ನಂಬರ್ ಕೂಗಿದಾಗ ದುಡ್ಡೇ ಸಿಗಬೇಕೆಂದಿಲ್ಲವಲ್ಲ, ಖಾತೆಯಲ್ಲಿ ಹಣವಿಲ್ಲವೆಂದು ಚೆಕ್ಕೇ ವಾಪಸ್ ಬರಬಹುದು. ಅವರ ಪ್ರಾಮಿಸ್‌ನಲ್ಲಿ ಈ ಸೋಲಿಗೂ ಜಾಗವಿತ್ತು. ಉತ್ತರ ಕೇಳಲು ಹೋದವನ ಕೈಗೇ ತಪ್ಪೂ ತಲುಪುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದೂ 2009ರಲ್ಲಿ ಹುಟ್ಟಿದ ನೋಡ್ ತನ್ನಲ್ಲಿದ್ದ ಪ್ರಾಮಿಸನ್ನು ಮರುವರ್ಷವೇ ಕಿತ್ತುಹಾಕಿತು. ಉಳಿದದ್ದು ಕಾಲ್‌ಬ್ಯಾಕ್. ‘ಕೆಲಸ ಮುಗಿದ ಮೇಲೆ ಇದನ್ನು ಕರೆ’ ಎಂದು ಫಂಕ್ಷನ್ ಕೊಡುವುದು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು... ತಪ್ಪನ್ನು ಪ್ರತಿ ಮೆಟ್ಟಿಲಲ್ಲೂ ನಾವೇ ನೋಡಿಕೊಳ್ಳಬೇಕು. ನಾನೊಮ್ಮೆ ಒಂದು ಮೆಟ್ಟಿಲಲ್ಲಿ ಮರೆತೆ. ರಾತ್ರಿಯಿಡೀ ಡೇಟಾಬೇಸ್ ಬರೆಯಲು ನಿರಾಕರಿಸಿದರೂ ನಮ್ಮ ಪ್ರೋಗ್ರಾಮು ‘ಆಯಿತು, ಆಯಿತು’ ಅನ್ನುತ್ತಲೇ ಇತ್ತು. ಬೆಳಿಗ್ಗೆ ಬೈಸಿಕೊಂಡದ್ದು ಈಗಲೂ ನೆನಪಿದೆ.

2012ರಲ್ಲಿ ‘ಪ್ರಾಮಿಸಸ್/ಎ ಪ್ಲಸ್’ ಎಂಬ ಒಪ್ಪಂದ ಬಂತು, 2015ರಲ್ಲಿ ಪ್ರಾಮಿಸ್ ಜಾವಾಸ್ಕ್ರಿಪ್ಟಿನ ಅಧಿಕೃತ ಭಾಗವಾಯಿತು. ಸಿ ಶಾರ್ಪ್‌ನಲ್ಲಿ 2012ರಲ್ಲೇ ಇದ್ದ ಅಸಿಂಕ್-ಅವೇಟ್ ಇಲ್ಲಿಗೆ ಬಂದದ್ದು 2017ರಲ್ಲಿ. ಅಸಿಂಕ್ ಎಂದು ಬರೆದರೆ ಸಾಕು, ಫಂಕ್ಷನ್ನು ತಾನೇ ಪ್ರಾಮಿಸ್ ಮಾಡಿ ಕೊಡುತ್ತದೆ.

ಆದರೂ ವಾಪಸ್ ಬಂದ ಚೆಕ್ಕನ್ನು ಯಾರೂ ಕೇಳದಿದ್ದರೆ ನೋಡ್ ಬರೀ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತಿತ್ತು. 2020ರ 15ನೇ ಆವೃತ್ತಿಯಿಂದ ಹಾಗಿಲ್ಲ, ಇಡೀ ಪ್ರೋಗ್ರಾಮೇ ನಿಂತುಬಿಡುತ್ತದೆ. ಆವತ್ತಿನ ರಾತ್ರಿ ನನ್ನದೂ ಹಾಗೆ ನಿಂತಿದ್ದರೆ!