ಕನ್ಹಾನ್ ದಂಡೆಯ ಸಂಜೆಯ ಪ್ರಾರ್ಥನೆ

ನಾಗಪುರದಿಂದ ಜಬಲ್ಪುರದ ಕಡೆಗೆ ಹೊರಟವರಿಗೆ ಕಾಮ್ಠಿಯನ್ನು ದಾಟುತ್ತಲೇ ಕನ್ಹಾನ್ ನದಿ ಎದುರಾಗುತ್ತದೆ. ಆಚೆಯ ದಡದಲ್ಲಿ ಅದೇ ಹೆಸರಿನ ಊರು. 1821ರಲ್ಲಿ ಬ್ರಿಟಿಷರು ಕಾಮ್ಠಿಯಲ್ಲಿ ದಂಡನ್ನು ನೆಲೆಗೊಳಿಸಿದರು. ಮುಂದೆ ರೈಲು ಬಂತು, ಸುತ್ತಮುತ್ತ ಕಲ್ಲಿದ್ದಲು ಮತ್ತು ಮ್ಯಾಂಗನೀಸ್ ಗಣಿಗಳು ತೆರೆದವು. ದಂಡು, ಗಣಿ, ಮಗ್ಗ ಮೂರೂ ಇರುವಲ್ಲಿ ಹೆಂಡದಂಗಡಿಗೆ ಬಡತನವಿಲ್ಲ. ಕಾಡಿನ ಕಡೆಗೆ ಹೋದರೆ ಹಿಪ್ಪೆ ಹೂವಿನ ಸಾರಾಯಿ ಬೇರೆ.

ವಿದರ್ಭದಲ್ಲಿ ಕುಡಿತವನ್ನು ಕಾನೂನಿನಿಂದ ತಡೆಯುವ ಯತ್ನಗಳು ಆಗಾಗ ನಡೆದಿವೆ. ಚಂದ್ರಪುರ ಜಿಲ್ಲೆಯಲ್ಲಿ 2015ರಲ್ಲಿ ಜಾರಿಗೆ ಬಂದ ಪಾನನಿಷೇಧ 2021ರಲ್ಲಿ ರದ್ದಾಯಿತು. ಕಾನೂನಿಗಿಂತ ದೀರ್ಘಕಾಲ ಉಳಿದುಬಂದ ಇನ್ನೊಂದು ದಾರಿ ಅಲ್ಲಿದೆ. ಅದರ ಕಡೆಗೆ ನಮ್ಮ ಕನ್ನಡದ ಓದುಗರ ಗಮನ ಹರಿದದ್ದು ಕಡಿಮೆ.

ಖಂಜರಿ ಹಿಡಿದು ಭಜನೆ ಹಾಡುತ್ತ ಊರೂರು ತಿರುಗಿದ ಸಂತ ತುಕಡೋಜಿ ಮಹಾರಾಜರು (1909–1968) 1935ರಲ್ಲಿ ಅಮರಾವತಿ ಜಿಲ್ಲೆಯ ಮೋಝರಿಯಲ್ಲಿ ಗುರುಕುಂಜ ಆಶ್ರಮವನ್ನು ಸ್ಥಾಪಿಸಿದರು. ವ್ಯಸನವನ್ನು ಬಿಡಿರೆಂದು ಬೋಧಿಸಿದ ಸಂತರು ನಮ್ಮಲ್ಲಿ ಅನೇಕರಿದ್ದಾರೆ. ತುಕಡೋಜಿಯವರು ಬೋಧನೆಯ ಜೊತೆಗೆ ಒಂದು ದಿನಚರಿಯನ್ನೂ ಕೊಟ್ಟರು: ಮುಂಜಾನೆ ಸಾಮುದಾಯಿಕ ಧ್ಯಾನ, ಸಂಜೆ ಸಾಮುದಾಯಿಕ ಪ್ರಾರ್ಥನೆ. ಈ ಸಂಜೆ ಎಂಬುದನ್ನು ನಾವು ಮುಖ್ಯವೆಂದು ಬಗೆಯುತ್ತೇವೆ. ಕೂಲಿ ಕೈಗೆ ಬಂದು, ಮೈ ದಣಿದು, ಕಾಲು ತಾನಾಗಿ ಅಂಗಡಿಯ ಕಡೆಗೆ ತಿರುಗುವ ಹೊತ್ತು ಅದೇ. ಆ ಹೊತ್ತಿಗೆ ಸರಿಯಾಗಿ ಊರಿನವರೆಲ್ಲ ಒಂದೆಡೆ ಕುಳಿತರೆ, ಬಾರದವನು ಯಾರೆಂಬುದು ಎಲ್ಲರಿಗೂ ತಿಳಿಯುತ್ತದೆ.

ಅಮೆರಿಕದ ಆಕ್ರನ್ ನಗರದಲ್ಲಿ ಇಬ್ಬರು ಕುಡುಕರು ಸೇರಿ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘವನ್ನು ಆರಂಭಿಸಿದ್ದೂ 1935ರಲ್ಲಿಯೇ. ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ಹನ್ನೊಂದನೆಯದು ಪ್ರಾರ್ಥನೆ ಮತ್ತು ಧ್ಯಾನ. ಒಬ್ಬರನ್ನೊಬ್ಬರು ಅರಿಯದ ಈ ಎರಡು ಪ್ರಯತ್ನಗಳ ವರ್ಷ ಒಂದಾದದ್ದು ಕೇವಲ ಕಾಕತಾಳೀಯ; ಆದರೂ ನಮಗೆ ಅದು ಸೋಜಿಗವೆನಿಸಿತು.

ಕನ್ಹಾನ್ ಕಣಿವೆಯಲ್ಲಿ ಇಂದು ಹೆಚ್ಚು ಕಾಣುವುದು ಪರಮಾತ್ಮಾ ಏಕ್ ಪಂಥ. ಅದನ್ನು ಆರಂಭಿಸಿದ ಬಾಬಾ ಜುಮದೇವ್ (1921–1996) ನಾಗಪುರದ ನೇಕಾರ ಮನೆತನದವರು. ನದಿಯ ಕೆಳಹರಿವಿನ ಮೌದಾದಲ್ಲಿ ಪಂಥದ ಆಶ್ರಮವಿದೆ. ಒಬ್ಬನೇ ದೇವರು, ಸತ್ಯ, ಮರ್ಯಾದೆ, ಪ್ರೇಮ ಎಂಬ ಮೂರು ಶಬ್ದಗಳು, ಪಾಲಿಸಬೇಕಾದ ಐದು ನಿಯಮಗಳು. ಮದ್ಯ, ಜೂಜು ಮೊದಲಾದ ವ್ಯಸನಗಳ ತ್ಯಾಗ ಆ ನಿಯಮಗಳಲ್ಲಿ ಒಂದು, ಕುಟುಂಬದ ಏಕತೆ ಇನ್ನೊಂದು. ಹೀಗಾಗಿ ಕುಡಿತವನ್ನು ಬಿಡುವುದು ಗಂಡಸೊಬ್ಬನ ಶಪಥವಾಗಿ ಉಳಿಯದೆ ಮನೆಯ ವ್ರತವಾಗುತ್ತದೆ. ದೀಪದ ಮುಂದೆ ಹೆಂಡತಿ ಮಕ್ಕಳೂ ಕೂರುತ್ತಾರೆ. ಪ್ರಾರ್ಥನೆಯಿಂದಲೇ ರೋಗಗಳೂ ವಾಸಿಯಾದವೆಂದು ಭಕ್ತರು ಹೇಳುವುದನ್ನು ನಾವು ಒಪ್ಪಲಾರೆವು.

ನಮ್ಮ ನಾಡಿನ ನೇಕಾರರ ಊರಾದ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಮ್ಮಲ್ಲಿ ವ್ಯಸನಮುಕ್ತ ದಿನ. ಜೋಳಿಗೆಗೆ ಚಟವನ್ನು ಹಾಕುವುದು ಒಂದು ಕ್ಷಣದ ಕೆಲಸ. ಮರುದಿನದ ಸಂಜೆ ಮತ್ತೆ ಬರುತ್ತದೆ. ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳವರು ಇದನ್ನು ಅರಿತೇ ಇರಬೇಕು, ಶಿಬಿರ ಮುಗಿಸಿದವರನ್ನು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಕಲೆಹಾಕುತ್ತಾರೆ.

ಒಂದು ಮಾತು ಉಳಿದಿದೆ. ಅನೇಕ ವರ್ಷ ವಿಪರೀತವಾಗಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಭ್ರಮೆ, ಅಪಸ್ಮಾರದಂತಹ ಸೆಳವು ಬರಬಹುದು, ಕೆಲವೊಮ್ಮೆ ಪ್ರಾಣಕ್ಕೇ ಅಪಾಯ. ಆ ಮೊದಲ ವಾರಕ್ಕೆ ವೈದ್ಯರು ಬೇಕು. ದೀಪ, ಭಜನೆ, ಧ್ಯಾನಗಳ ಸರದಿ ಅದರ ನಂತರದ ವರ್ಷಗಳದ್ದು.