ತಕ್ಕಡಿಯಿಂದ ಇಳಿದ ಪದ

ಖರ್ಚು ಮಾಡುವುದಕ್ಕೆ ಇಂಗ್ಲಿಷಿನಲ್ಲಿ ‘ಸ್ಪೆಂಡ್’ ಎನ್ನುತ್ತಾರೆ. ಚಿಕ್ಕ ಪದ, ಕೇಳಿದರೆ ಅಪ್ಪಟ ಇಂಗ್ಲಿಷ್ ಎನಿಸುತ್ತದೆ. ಆದರೆ ಅದರ ಬೇರು ಲ್ಯಾಟಿನ್ ಭಾಷೆಯ ‘ಎಕ್ಸ್‌ಪೆಂಡೆರೆ’ಯಲ್ಲಿದೆ. ತೂಗಿ ಕೊಡುವುದು ಎಂದು ಅದರ ಅರ್ಥ.

ಹಣವನ್ನು ಎಣಿಸದೆ ತೂಗುವುದೇಕೆ? ನಾಣ್ಯ ಬರುವ ಮೊದಲು ರೋಮನ್ನರ ಹಣವೆಂದರೆ ಕಂಚಿನ ಗಟ್ಟಿಗಳು. ಬೆಲೆಯನ್ನು ತಕ್ಕಡಿಯೇ ಹೇಳಬೇಕಿತ್ತು. ನಾಣ್ಯ ಬಂದ ಮೇಲೂ ಈ ರೂಢಿ ಬಿಡಲಿಲ್ಲ. ಜಮೀನು, ಎತ್ತು, ಕುದುರೆ, ಗುಲಾಮರನ್ನು ಕೊಳ್ಳುವಾಗ ಕನಿಷ್ಠ ಐವರು ಸಾಕ್ಷಿಗಳ ಜೊತೆ ತಕ್ಕಡಿ ಹಿಡಿದವನೊಬ್ಬ ಇರಬೇಕಿತ್ತು. ಕೊಳ್ಳುವವನು ಕಂಚಿನ ತುಂಡಿನಿಂದ ತಕ್ಕಡಿಯನ್ನು ಬಡಿದು, ಅದನ್ನು ಮಾರುವವನಿಗೆ ಕೊಡುತ್ತಿದ್ದ. ತೂಗುವುದೇನೂ ಉಳಿದಿರಲಿಲ್ಲ, ಬರೀ ಶಾಸ್ತ್ರ. ಎತ್ತಿಗೂ ಮನುಷ್ಯನಿಗೂ ಒಂದೇ ಶಾಸ್ತ್ರ!

ಈ ಲ್ಯಾಟಿನ್ ಪದವನ್ನು ಜರ್ಮನಿಕ್ ಜನರು ಬಹಳ ಹಿಂದೆಯೇ ಎತ್ತಿಕೊಂಡರು. ತಲೆಯ ‘ಎಕ್’ ಉದುರಿಹೋಗಿ, ಬಾಲಕ್ಕೆ ತಮ್ಮದೇ ಪ್ರತ್ಯಯ ಸೇರಿ, ಹಳೆಯ ಇಂಗ್ಲಿಷಿನಲ್ಲಿ ಅದು ‘ಸ್ಪೆಂಡನ್’ ಆಯಿತು. ಅದೇ ಪದ ಜರ್ಮನ್ ಭಾಷೆಯಲ್ಲಿ ‘ಶ್ಪೆಂಡೆನ್’. ಅಲ್ಲಿ ಅದಕ್ಕೆ ದಾನ ಕೊಡುವುದು ಎಂಬ ಅರ್ಥ. ಒಂದೇ ತಾಯಿಯ ಮಕ್ಕಳು, ಒಬ್ಬ ದಾನಿ, ಇನ್ನೊಬ್ಬ ಖರ್ಚುಗಾರ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನ ‘ದೆಸ್ಪಾಂದ್ರ್’ ಬಂದು ಇದರೊಳಗೆ ಬೆರೆಯಿತು. ಅದಾದ ಮೇಲೆ ವಿದ್ವಾಂಸರು ಲ್ಯಾಟಿನ್‌ನಿಂದ ನೇರವಾಗಿ ‘ಎಕ್ಸ್‌ಪೆಂಡ್’ ತಂದರು. ಹೀಗೆ ಒಂದೇ ಮನೆಗೆ ಒಬ್ಬನೇ ಅತಿಥಿ ಮೂರು ಬಾಗಿಲಿನಿಂದ ಬಂದ. ಯಾರೂ ಅವನನ್ನು ಹೊರಗಿನವನೆಂದು ತಡೆಯಲಿಲ್ಲ.

ನಮ್ಮಲ್ಲಿ ತಡೆಯುವವರಿದ್ದಾರೆ. ‘ಖರ್ಚು’ ಪರಭಾಷೆಯದು, ‘ವೆಚ್ಚ’ ಎನ್ನಿ ಎಂದು ತಿದ್ದುತ್ತಾರೆ. ಖರ್ಚು ಹೊರಗಿನಿಂದ ಬಂದದ್ದು ನಿಜ. ಅರಬಿಯಲ್ಲಿ ‘ಖರಜ’ ಎಂದರೆ ಹೊರಹೋದನು. ಅದರಿಂದಾದ ‘ಖರ್ಜ್’ ಪರ್ಶಿಯನ್ ದಾರಿ ಹಿಡಿದು ಇಲ್ಲಿಗೆ ಬಂತು. ಆದರೆ ವೆಚ್ಚವೂ ಸಂಸ್ಕೃತದ ‘ವ್ಯಯ’ದ ತದ್ಭವವೇ ತಾನೇ? ಅಲ್ಲಿಯೂ ಮೂಲಾರ್ಥ ಹೋಗುವುದು ಎಂದೇ. ರೋಮನ್ನರ ಹಣ ತೂಗಿ ಹೋಯಿತು, ನಮ್ಮದು ತೂಗದೆಯೇ ಹೋಗುತ್ತದೆ, ಅಷ್ಟೇ.

ರೋಮಿನ ಆ ತಕ್ಕಡಿಯಿಂದ ಇಳಿದ ಇನ್ನೊಂದು ಪದ ‘ಪೆನ್ಷನ್’. ಲ್ಯಾಟಿನ್‌ನಲ್ಲಿ ಅದು ಪಾವತಿ, ಅಂದರೆ ತೂಗಿ ಕೊಟ್ಟದ್ದು. ನಮ್ಮ ಬಾಯಲ್ಲಿ ಪಿಂಚಣಿಯಾಗಿದೆ. “ತಾಲೂಕು ಕಚೇರಿಗೆ ಹೋಗಿ ಪಿಂಚಣಿ ಕೇಳಿ ಬರಬೇಕು, ಬಸ್ಸಿನ ಖರ್ಚಿಗೆ ಏನಾದರೂ ಕೊಡಪ್ಪ” ಎಂದು ಅಜ್ಜಿ ಮೊಮ್ಮಗನನ್ನು ಕೇಳುತ್ತಾಳೆ. ತಾಲೂಕು, ಖರ್ಚು ಅರಬಿಯಿಂದ ಹೊರಟು ಬಂದವು. ಬಸ್ಸು, ಪಿಂಚಣಿ ಲ್ಯಾಟಿನ್‌ನಿಂದ.