ಎರಡೇ ಸಾಲು ಅಂತ ಯಾರು ಎಣಿಸಿದರು?

ಜೀವಕೋಶದ ಪೊರೆಯ ಚಿತ್ರ ಬರೆಯುವುದು ಬಲು ಸುಲಭ. ಮದುವೆಯೂಟಕ್ಕೆ ಬೆನ್ನಿಗೆ ಬೆನ್ನು ಹಾಕಿ ಕೂತ ಎರಡು ಪಂಕ್ತಿಯ ಹಾಗೆ: ನೀರಿಗೆ ಒಗ್ಗುವ ತಲೆಗಳು ಹೊರಕ್ಕೆ, ನೀರನ್ನು ಕಂಡರಾಗದ ಕೊಬ್ಬಿನ ಬಾಲಗಳು ಒಳಕ್ಕೆ. ಪಿಯುಸಿ ತರಗತಿಯ ಕರಿಹಲಗೆಯ ಮೇಲೆ ಇಪ್ಪತ್ತೆಂಟು ವರ್ಷ ಬರೆದೆ. ಒಮ್ಮೆ ಹುಡುಗಿಯೊಬ್ಬಳು ಎದ್ದುನಿಂತು, "ಎರಡೇ ಸಾಲು ಅಂತ ಯಾರು ಎಣಿಸಿದ್ದು ಸಾರ್?" ಎಂದಳು. "ಪುಸ್ತಕದಲ್ಲಿದೆ, ಬರೆದುಕೋ" ಎಂದೆ. ನನಗೂ ಗೊತ್ತಿರಲಿಲ್ಲ.

ನಿವೃತ್ತನಾದ ಮೇಲೆ ಹುಡುಕಿದೆ. ಕಥೆ ಶುರುವಾಗುವುದು ಅಡುಗೆಮನೆಯಲ್ಲಿ. ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ಅಗ್ನೆಸ್ ಪೋಕೆಲ್ಸ್ ಹೆಣ್ಣಾದ್ದರಿಂದ ಕಾಲೇಜಿನ ಮೆಟ್ಟಿಲು ಹತ್ತಲಾಗಲಿಲ್ಲ. ಮನೆಯಲ್ಲಿ ಪಾತ್ರೆ ತೊಳೆಯುತ್ತ, ನೀರಿನ ಮೇಲೆ ಜಿಡ್ಡು ಹರಡುವುದನ್ನು ಗಮನಿಸಿದಳು. ಒಂದು ತಗಡಿನ ತೊಟ್ಟಿ ಮಾಡಿಕೊಂಡು, ಅಡ್ಡಪಟ್ಟಿಯಿಂದ ಆ ಜಿಡ್ಡನ್ನು ಒಂದೆಡೆ ಒತ್ತರಿಸಿ ಅಳೆದಳು. ಇಂಗ್ಲೆಂಡಿನ ಲಾರ್ಡ್ ರೇಲಿಗೆ ಅವಳು ಬರೆದ ಪತ್ರ 1891ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ಬಗೆಯ ತೊಟ್ಟಿಯನ್ನು ತಿದ್ದಿಕೊಂಡ ಅಮೆರಿಕದ ಲ್ಯಾಂಗ್‌ಮ್ಯೂರ್, ಆ ಜಿಡ್ಡು ಒಂದೇ ಅಣುವಿನಷ್ಟು ದಪ್ಪಕ್ಕೆ ಹರಡುತ್ತದೆಂದು 1917ರಲ್ಲಿ ತೋರಿಸಿದ.

ಇನ್ನು ಎಣಿಕೆ. ಪೊರೆ ಕಣ್ಣಿಗಿರಲಿ, ಆ ಕಾಲದ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ತೆಳು. ಹಾಲೆಂಡಿನ ಲೈಡನ್ನಿನ ಮಕ್ಕಳ ವೈದ್ಯ ಗೋರ್ಟರ್ ಮತ್ತು ಅವನ ಜೊತೆಗಾರ ಗ್ರೆಂಡೆಲ್ 1925ರಲ್ಲಿ ಕೆಂಪು ರಕ್ತಕಣಗಳನ್ನು ಹಿಡಿದರು. ಮನುಷ್ಯನದು, ನಾಯಿಯದು, ಮೇಕೆಯದು. ಇವುಗಳಲ್ಲಿ ಕೋಶಕೇಂದ್ರವಿಲ್ಲ, ಸಿಗುವ ಕೊಬ್ಬೆಲ್ಲ ಹೊರಪೊರೆಯದೇ. ಅಸಿಟೋನಿನಲ್ಲಿ ಕೊಬ್ಬನ್ನು ಕರಗಿಸಿ ತೆಗೆದು ನೀರಿನ ಮೇಲೆ ಹರಡಿದರೆ, ಕಣಗಳ ಮೈಯ ವಿಸ್ತಾರದ ಎರಡರಷ್ಟು ಬಂತು. ಅಂದಮೇಲೆ ಎರಡು ಸಾಲು!

ತಮಾಷೆ ಇರುವುದು ಮುಂದೆ. ಅಸಿಟೋನಿಗೆ ಅಷ್ಟೂ ಕೊಬ್ಬು ಬಿಟ್ಟುಕೊಟ್ಟಿರಲಿಲ್ಲ. ಒಣಗಿಸಿದ ಕಣಗಳನ್ನು ಅಳೆದದ್ದರಿಂದ ಮೈಯ ವಿಸ್ತಾರವೂ ಕಡಿಮೆ ಬಂದಿತ್ತು. ಕೊಬ್ಬೂ ಕಡಿಮೆ, ಮೈಯೂ ಕಡಿಮೆ. ತಪ್ಪಿಗೆ ತಪ್ಪು ತೂಗಿ ಉತ್ತರ ಸರಿಹೋಯಿತು. ಲೆಕ್ಕವನ್ನು ಮತ್ತೆ ಮಾಡಿ ಇದನ್ನು ಹಿಡಿದದ್ದು 1966ರಲ್ಲಿ. ನನ್ನ ಪ್ರಾಕ್ಟಿಕಲ್ ಪರೀಕ್ಷೆಯಲ್ಲಾಗಿದ್ದರೆ ಇಬ್ಬರಿಗೂ ಅರ್ಧ ಅಂಕ ಕತ್ತರಿಸುತ್ತಿದ್ದೆ. ಬಾಗಿಲುಗಳಂತೆ ಪೊರೆಯಲ್ಲಿ ನಾಟಿಕೊಂಡು, ಬೇಕಾದ್ದನ್ನು ಒಳಬಿಟ್ಟು ಬೇಡದ್ದನ್ನು ತಡೆಯುವ ಪ್ರೋಟೀನುಗಳು ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಅವು ಕೊಬ್ಬಿನಲ್ಲಿ ತೇಲಾಡುವ ಚಿತ್ರವನ್ನು ಸಿಂಗರ್ ಮತ್ತು ನಿಕಲ್ಸನ್ ಕೊಟ್ಟದ್ದು 1972ರಲ್ಲಿ.

1932ರಲ್ಲಿ ಲ್ಯಾಂಗ್‌ಮ್ಯೂರನಿಗೆ ನೊಬೆಲ್ ಬಂತು. ಅದೇ ವರ್ಷ ಎಪ್ಪತ್ತರ ಪೋಕೆಲ್ಸಳಿಗೆ ಅವಳ ಊರಿನ ತಾಂತ್ರಿಕ ವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

ನನ್ನ ಆ ಹುಡುಗಿ ಮರುವರ್ಷ ವಿಜ್ಞಾನ ಬಿಟ್ಟು ಕಾಮರ್ಸಿಗೆ ಸೇರಿದಳು. ಯಾಕೆಂದು ನಾನು ಕೇಳಲಿಲ್ಲ.